ಸರ್ವರ್‌ಗಳ ಅವಿಭಕ್ತ ಕುಟುಂಬ: ಯಜಮಾನಿಕೆ ಯಾರಿಗೆ?

2018ರ ಅಕ್ಟೋಬರ್ 21. ಜಗತ್ತಿನಾದ್ಯಂತ ತಂತ್ರಾಂಶ ತಜ್ಞರು ತಮ್ಮ ಪ್ರೋಗ್ರಾಮ್‌ಗಳನ್ನು ಇರಿಸುವ ಗಿಟ್‌ಹಬ್ ತಾಣದ ಜಾಲದಲ್ಲಿ, ಹದಗೆಡುತ್ತಿದ್ದ ಉಪಕರಣವೊಂದನ್ನು ಬದಲಿಸುವ ಕೆಲಸ ನಡೆದಿತ್ತು. ಆ ವೇಳೆ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದ ಮುಖ್ಯ ದತ್ತಾಂಶ ಕೇಂದ್ರದ ಸಂಪರ್ಕ ಕಡಿದದ್ದು ಕೇವಲ 43 ಸೆಕೆಂಡು. ಆದರೆ ಸೇವೆ ಸಂಪೂರ್ಣ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ!

ಒಂದು ಕೇಂದ್ರ ಸಂಪರ್ಕಕ್ಕೆ ಸಿಗದಾದಾಗ ಅದರ ಹೊಣೆ ಯಾರಿಗೆ ಸೇರಬೇಕೆಂದು ಮೊದಲೇ ಬರೆದಿಟ್ಟಿದ್ದ ಸೆಟ್ಟಿಂಗ್‌ಗಳು ಅಂದು ಚಾಚೂ ತಪ್ಪದೆ ತಮ್ಮ ಕೆಲಸ ಮಾಡಿದ್ದವು. ತೊಡಕು ಆರಂಭವಾದದ್ದೇ ಅಲ್ಲಿಂದ. ಹಗಲಿರುಳು ನಡೆಯಬೇಕಾದ ಯಾವುದೇ ಗಣಕ ಸೇವೆಯ ಅಳಿವು ಉಳಿವು ಇಂಥ ಸೆಟ್ಟಿಂಗ್‌ಗಳನ್ನು ಅವಲಂಬಿಸಿರುತ್ತದೆ.

ಏನಿದು ಕ್ಲಸ್ಟರ್?

ಹಲವು ಸರ್ವರ್‌ಗಳು ಹೊರಗಿನವರಿಗೆ ಒಂದೇ ಎಂಬಂತೆ ಕೆಲಸ ಮಾಡುವ ವ್ಯವಸ್ಥೆಯೇ ಕ್ಲಸ್ಟರ್. ಅದರ ಪ್ರತಿಯೊಂದು ಸದಸ್ಯ ಸರ್ವರ್‌ಗೆ ನೋಡ್ ಎಂದು ಹೆಸರು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1983ರಲ್ಲೇ ತನ್ನ ವ್ಯಾಕ್ಸ್ ಯಂತ್ರಗಳಿಗೆ ಈ ಸೌಲಭ್ಯವನ್ನು ಪ್ರಕಟಿಸಿತ್ತು. 1997ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿಯಲ್ಲಿ ಇದನ್ನು ತಂದಾಗ ಎರಡೇ ನೋಡ್‌ಗಳಿಗೆ ಅವಕಾಶವಿತ್ತು. 2012ರ ವಿಂಡೋಸ್ ಸರ್ವರ್ ಹೊತ್ತಿಗೆ ಆ ಮಿತಿ 64ಕ್ಕೇರಿತು.

ನೋಡ್‌ಗಳು ಪರಸ್ಪರ 'ಬದುಕಿದ್ದೇನೆ' ಎಂಬ ಕಿರುಸಂದೇಶವನ್ನು ಕಳುಹಿಸುತ್ತಲೇ ಇರುತ್ತವೆ. ಇದನ್ನು ಹೃದಯ ಬಡಿತ ಎನ್ನುತ್ತಾರೆ. ವಿಂಡೋಸ್ ಸರ್ವರ್ 2016ರ ಮೂಲ ಸೆಟ್ಟಿಂಗ್‌ನಂತೆ, ಒಂದೇ ಉಪಜಾಲದಲ್ಲಿ ಸೆಕೆಂಡಿಗೊಂದು ಬಡಿತ. ಸತತ 10 ಬಡಿತ ತಪ್ಪಿದರೆ ಆ ನೋಡ್ ಇಲ್ಲವೆಂದೇ ಲೆಕ್ಕ. ಈ ಮಿತಿಯನ್ನು ತೀರಾ ತಗ್ಗಿಸಿದರೆ ಜಾಲದ ಸಣ್ಣ ಮುಗ್ಗರಿಕೆಗೂ ಆರೋಗ್ಯವಂತ ಸರ್ವರ್ ಹೊರದೂಡಲ್ಪಡುತ್ತದೆ. ತೀರಾ ಹೆಚ್ಚಿಸಿದರೆ ನಿಜವಾಗಿ ಕೆಟ್ಟಾಗ ಗ್ರಾಹಕರು ಕಾಯಬೇಕಾಗುತ್ತದೆ.

ಗುಂಪಿನ ಕಟ್ಟಳೆ

ದತ್ತಾಂಶ ಭಂಡಾರ ನಡೆಯಬೇಕಾದರೆ ಡಿಸ್ಕ್, ಐಪಿ ವಿಳಾಸ ಹಾಗೂ ತಂತ್ರಾಂಶ ಒಂದೇ ನೋಡ್‌ನಲ್ಲಿರಬೇಕು. ಆದ್ದರಿಂದ ಇವನ್ನು ಒಂದು ಗುಂಪಾಗಿ ಕಟ್ಟಲಾಗುತ್ತದೆ. ನೋಡ್ ಕೆಟ್ಟರೆ ಇಡೀ ಗುಂಪು ಇನ್ನೊಂದಕ್ಕೆ ಸ್ಥಳಾಂತರಗೊಳ್ಳುತ್ತದೆ. ಇದೇ ಫೇಲ್‌ಓವರ್. ಡಿಸ್ಕ್ ಸಿದ್ಧವಾಗುವ ಮೊದಲೇ ತಂತ್ರಾಂಶ ಏಳದಂತೆ, ಯಾವುದರ ನಂತರ ಯಾವುದು ಎಂಬ ಅವಲಂಬನೆಯನ್ನೂ ನಮೂದಿಸಬೇಕು.

ಗುಂಪಿಗೆ ಮೂರು ಮುಖ್ಯ ಸೆಟ್ಟಿಂಗ್‌ಗಳಿವೆ. ಮೊದಲನೆಯದು, ಯಜಮಾನಿಕೆಗೆ ಆದ್ಯತೆ ಪಡೆಯುವ ನೋಡ್‌ಗಳ ಪಟ್ಟಿ. ಎರಡನೆಯದು ಫೇಲ್‌ಬ್ಯಾಕ್, ಅಂದರೆ ಹಳೆಯ ನೋಡ್ ದುರಸ್ತಿಯಾದ ಮೇಲೆ ಗುಂಪು ಹಿಂದಿರುಗಬೇಕೇ ಎಂಬುದು. ಪ್ರತಿ ಸ್ಥಳಾಂತರಕ್ಕೂ ಸೇವೆ ಕ್ಷಣಕಾಲ ನಿಲ್ಲುವುದರಿಂದ ವಿಂಡೋಸ್‌ನಲ್ಲಿ ಇದು ಮೂಲತಃ ನಿಷೇಧಿತ. ಬೇಕಿದ್ದರೆ ನಡುರಾತ್ರಿಯ ನಿಗದಿತ ಅವಧಿಗೆ ಸೀಮಿತಗೊಳಿಸಬಹುದು. ಮೂರನೆಯದು, ವೈಫಲ್ಯದ ಮಿತಿ. ದೋಷ ದತ್ತಾಂಶದಲ್ಲೇ ಇದ್ದರೆ ಗುಂಪು ಎಲ್ಲಿಗೆ ಹೋದರೂ ಬೀಳುತ್ತದೆ. ನಿಗದಿತ ಅವಧಿಯಲ್ಲಿ ಇಂತಿಷ್ಟು ಸಲ ಬಿದ್ದರೆ ಮತ್ತೆ ಎಬ್ಬಿಸದೆ ಬಿಡಬೇಕೆಂಬುದು ನಿಯಮ. ಮೂಲ ಅವಧಿ 6 ಗಂಟೆ.

ಕೋರಂ ಏಕೆ?

ಎರಡು ನೋಡ್‌ಗಳ ನಡುವಿನ ತಂತಿ ಮಾತ್ರ ಕಡಿದರೆ? 'ಆತ ಸತ್ತ, ಇನ್ನು ನಾನೇ ಯಜಮಾನ' ಎಂದು ಎರಡೂ ಭಾವಿಸಿ ಒಂದೇ ಡಿಸ್ಕ್‌ಗೆ ಬರೆಯತೊಡಗಿದರೆ ದತ್ತಾಂಶ ಚಿಂದಿಯಾಗುತ್ತದೆ. ಇದನ್ನು ತಡೆಯಲೆಂದೇ ಶಾಸನಸಭೆಯಲ್ಲಿರುವಂತೆ ಇಲ್ಲಿಯೂ ಕೋರಂ ಇದೆ. ಅರ್ಧಕ್ಕಿಂತ ಹೆಚ್ಚು ಮತವಿರುವ ಬಣ ಮಾತ್ರ ಮುಂದುವರಿಯಬೇಕು. ಐದರಲ್ಲಿ ಮೂರು ಸಾಕು. ಎರಡೇ ನೋಡ್‌ಗಳಿದ್ದರೆ ಒಂದು ಬಿದ್ದಾಗ ಬಹುಮತವೇ ಉಳಿಯದು. ಹಾಗಾಗಿ ಒಂದು ಡಿಸ್ಕ್ ಅಥವಾ ಬೇರೆ ಯಂತ್ರದಲ್ಲಿರುವ ಹಂಚಿತ ಫೋಲ್ಡರ್‌ಗೆ 'ಸಾಕ್ಷಿ'ಯಾಗಿ ಮೂರನೆಯ ಮತ ನೀಡುತ್ತಾರೆ. ಎರಡು ಕಟ್ಟಡಗಳಲ್ಲಿ ಹಂಚಿದ ಕ್ಲಸ್ಟರ್‌ನ ಸಾಕ್ಷಿ ಯಂತ್ರವನ್ನು ಅವುಗಳಲ್ಲೊಂದರಲ್ಲೇ ಇಟ್ಟರೆ, ಆ ಕಟ್ಟಡದ ವಿದ್ಯುತ್ ಹೋದಾಗ ಎರಡು ಮತಗಳು ಒಟ್ಟಿಗೇ ಹೋಗುತ್ತವೆ. ಅದು ಮೂರನೆಯ ಸ್ಥಳದಲ್ಲಿರುವುದೇ ಲೇಸು.

ಲಿನಕ್ಸ್‌ನ ಪೇಸ್‌ಮೇಕರ್ ತಂತ್ರಾಂಶದಲ್ಲಿ ಇನ್ನೂ ಕಠಿಣ ಉಪಾಯವಿದೆ. ಸಂಶಯಾಸ್ಪದ ನೋಡ್‌ನ ವಿದ್ಯುತ್ತನ್ನೇ ಕಡಿದ ಬಳಿಕವಷ್ಟೇ ಅದರ ಹೊಣೆಯನ್ನು ಇನ್ನೊಂದಕ್ಕೆ ಕೊಡಬಹುದು.

ಬಹುಮತವೂ ಎಡವಿದಾಗ

ಗಿಟ್‌ಹಬ್‌ನಲ್ಲಿ ಕೋರಂ ಇತ್ತು. ಸಂಪರ್ಕ ಕಡಿದೊಡನೆ, ಯಜಮಾನಿಕೆ ನಿರ್ಧರಿಸುವ ಆರ್ಕೆಸ್ಟ್ರೇಟರ್ ತಂತ್ರಾಂಶದ ಉಳಿದ ನೋಡ್‌ಗಳು ಬಹುಮತ ರಚಿಸಿಕೊಂಡು, ದತ್ತಾಂಶ ಬರೆಯುವ ಅಧಿಕಾರವನ್ನು ಪಶ್ಚಿಮ ಕರಾವಳಿಗೆ ವರ್ಗಾಯಿಸಿದವು. ಆದರೆ ಪೂರ್ವದಲ್ಲಿ ಕೊನೆಯ ಕ್ಷಣಗಳಲ್ಲಿ ಬರೆದದ್ದು ಪಶ್ಚಿಮಕ್ಕೆ ತಲುಪಿರಲಿಲ್ಲ. ಸಂಪರ್ಕ ಮರಳುವಷ್ಟರಲ್ಲಿ ಪ್ರತಿ ಕಡೆಯಲ್ಲೂ ಇನ್ನೊಂದು ಕಡೆ ಇಲ್ಲದ ಮಾಹಿತಿಯಿತ್ತು. ಒಂದು ಕ್ಲಸ್ಟರ್‌ನಲ್ಲೇ ಹೀಗೆ ಉಳಿದ ಬರಹಗಳು 954. ಮೇಲಾಗಿ ಪೂರ್ವದ ತಂತ್ರಾಂಶಗಳು ಪ್ರತಿ ಬರಹಕ್ಕೂ ಖಂಡ ದಾಟಬೇಕಾಗಿ ಬಂದು ಸೇವೆ ನಿಧಾನಗೊಂಡಿತು. ಬಳಕೆದಾರರ ದತ್ತಾಂಶವೇ ಮುಖ್ಯವೆಂದು ಸಂಸ್ಥೆ ವಿಳಂಬವನ್ನು ಒಪ್ಪಿಕೊಂಡಿತು. ಬಳಿಕ, ಯಜಮಾನಿಕೆ ಒಂದು ಪ್ರದೇಶದ ಗಡಿ ದಾಟದಂತೆ ಸೆಟ್ಟಿಂಗ್ ಬದಲಿಸುವುದಾಗಿ ಪ್ರಕಟಿಸಿತು.

ಪಾಲಿಸಬೇಕಾದ ಕ್ರಮ

ಸೆಟ್ಟಿಂಗ್ ಬರೆದಿಟ್ಟರಷ್ಟೇ ಸಾಲದು, ಅದರ ತಾಲೀಮು ನಡೆಯಬೇಕು. ಜನದಟ್ಟಣೆ ಇಲ್ಲದ ಹೊತ್ತಿನಲ್ಲಿ ಒಂದು ನೋಡ್‌ನ ಗುಂಪುಗಳನ್ನು ಬೇರೆಡೆಗೆ ಸಾಗಿಸಿ, ಅದನ್ನು ತಡೆಹಿಡಿದು, ಸೇವೆ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆಯಬೇಕು. ಉಳಿದ ನೋಡ್‌ಗೆ ಇಬ್ಬರ ಹೊರೆಯನ್ನೂ ಹೊರುವ ಸ್ಮೃತಿ ಸಾಮರ್ಥ್ಯ ಇದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ಯೋಜಿತ ಸ್ಥಳಾಂತರ ಸಲೀಸಾದ ಮಾತ್ರಕ್ಕೆ ಸಾಲದು. ತಂತಿ ಕಿತ್ತು ನೋಡುವ ಪರೀಕ್ಷೆಯನ್ನೂ ಮಾಡಬೇಕು. ಅವಘಡದ ದಿನ ಯಂತ್ರ ಯಾರನ್ನೂ ಕೇಳುವುದಿಲ್ಲ. ಮೊದಲೇ ಬರೆದಿಟ್ಟದ್ದನ್ನಷ್ಟೇ ಪಾಲಿಸುತ್ತದೆ.