ಆಯಿಲ್ ತೊಟ್ಟಿಕ್ಕುವುದೊಂದೆಡೆ, ಸೋರುವುದೊಂದೆಡೆ

ಪ್ರಶ್ನೆ: ಕಾರಿನ ಎಂಜಿನ್ ಆಯಿಲ್ ತಳದಲ್ಲಿ ತೊಟ್ಟಿಕ್ಕುತ್ತಿದೆ. ಮೆಕ್ಯಾನಿಕ್ ಮಾತ್ರ ಮೇಲ್ಗಡೆಯ ಪ್ಯಾಕಿಂಗ್ ಬದಲಿಸಬೇಕು ಎನ್ನುತ್ತಾರೆ. ಅದು ಹೇಗೆ?
– ಓದುಗರು, ವಾಸ್ಕೊ, ಗೋವಾ

ಮೆಕ್ಯಾನಿಕ್ ಮಾತು ನಿಜವಿರಬಹುದು. ಗೋವಾದ ಮಳೆಗಾಲದಲ್ಲಿ ಹೆಂಚಿನ ಮನೆ ಸೋರುವುದನ್ನು ನೋಡಿದವರಿಗೆ ಇದು ಗೊತ್ತು: ಒಡೆದ ಹೆಂಚು ಮೇಲೆಲ್ಲೋ ಇರುತ್ತದೆ, ನೀರು ಪಕಾಸಿಯ ಗುಂಟ ಇಳಿದು ಇನ್ನೆಲ್ಲೋ ಬೀಳುತ್ತದೆ. ಎಂಜಿನ್ನಿನಲ್ಲೂ ಅಷ್ಟೇ. ಅನಮೋಡ, ಚೋರ್ಲಾ ಘಾಟಿ ಏರುವಾಗ ಕಾದ ಆಯಿಲ್ ತೆಳುವಾಗಿ ಕೆಳಕ್ಕೆ ಜಾರುತ್ತದೆ. ಎದುರುಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಆದ್ದರಿಂದ ಮೇಲಿನಿಂದಲೇ ಹುಡುಕಬೇಕು. ತಣ್ಣಗಾದ ಎಂಜಿನ್ನನ್ನು ಡಿಗ್ರೀಸರ್‌ನಿಂದ ಒರೆಸಿ ಒಣಗಿಸಿ, ಬೆಲ್ಟುಗಳಿಗೆ ತಾಗದಂತೆ ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಚಾಲೂ ಇಟ್ಟು ಆರಿಸಿ. ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಲ್ಲಕ್ಕಿಂತ ಮೇಲೆ ಎಲ್ಲಿ ಶುರುವಾಗಿದೆಯೋ ಅದೇ ಮೂಲ.

ಬಹಳ ಸಲ ಅದು ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗ್. ವರ್ಷಗಟ್ಟಲೆ ಕಾದ ರಬ್ಬರು ಗಡುಸಾಗಿ ಬಿರಿಯುತ್ತದೆ. ಸೋರಿಕೆ ನಿಲ್ಲಲೆಂದು ಬೋಲ್ಟನ್ನು ಅತಿಯಾಗಿ ಬಿಗಿದರೆ ಕವರೇ ಬಾಗೀತು. ಹೊಸ ಪ್ಯಾಕಿಂಗೇ ದಾರಿ. ಆಮೇಲೂ ಸೋರಿದರೆ ಎಂಜಿನ್ನಿನ ಒಳಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿದೆಯೇ ನೋಡಿಸಿ. ಆ ಗಾಳಿ ಹೊರಹೋಗದಿದ್ದರೆ ಒತ್ತಡ ಏರಿ ಆಯಿಲನ್ನು ಹೊರದಬ್ಬುತ್ತದೆ.

ರಿಪೇರಿ ಆಗುವ ತನಕ ಡಿಪ್‌ಸ್ಟಿಕ್ ನೋಡುತ್ತಿರಿ. ಮಟ್ಟ ಕೆಳಗುರುತಿಗಿಂತ ಇಳಿದಿದ್ದರೆ ಗಾಡಿ ತೆಗೆಯಬೇಡಿ.