ಮೂರು ವರ್ಷದ ಕೆಲಸಕ್ಕೆ ಊರ ಜಮೀನು ಮಾರಬೇಕೇ?

"ಮೇಷ್ಟ್ರೇ, ಕೆರೆ ಕೆಳಗಿನ ಜಮೀನು ಮಾರ್ಬುಟ್ಟು ಹೊಸೂರಲ್ಲೇ ಒಂದು ಮನೆ ತಕ್ಕೊಬುಡ್ಲಾ? ತಿಂಗ್ಳು ತಿಂಗ್ಳು ಬಾಡ್ಗೆ ಯಾಕ್ ಕಟ್ಬೇಕು?"

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ತಾಳವಾಡಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಹೀಗೆ ಕೇಳಿದ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಮೂರು ವರ್ಷದ ಗುತ್ತಿಗೆ ಕೆಲಸ ಸಿಕ್ಕಿತ್ತು. ಮಗಳು ಏಳನೇ ತರಗತಿ ಮುಗಿಸಿದ್ದಳು, ಕನ್ನಡ ಮಾಧ್ಯಮ. ಕೈಯಲ್ಲಿ ಅಷ್ಟೇನೂ ದುಡ್ಡಿಲ್ಲ. ಅರಿಶಿನ, ಎಲೆಕೋಸು ಬೆಳೆಯುವ ಒಂದೂವರೆ ಎಕರೆ ಇತ್ತು.

"ಮಗಳನ್ನ ಯಾವ ಶಾಲೆಗೆ ಹಾಕ್ತೀಯಪ್ಪ?" ಎಂದೆ. "ಮನೆ ಆದ್ಮೇಲೆ ನೋಡದು" ಎಂದ. ನಮ್ಮ ಗಡಿಭಾಗದ ಪೋಷಕರು ಎಡವುವುದು ಇಲ್ಲಿಯೇ. ಪಟ್ಟಣದ ಎಲ್ಲ ಬಡಾವಣೆಯಲ್ಲೂ ಕನ್ನಡ ಮಾಧ್ಯಮದ ಶಾಲೆ ಇರುವುದಿಲ್ಲ. ಮೊದಲು ಶಾಲೆ ಗೊತ್ತಾಗಬೇಕು, ಮನೆ ಆಮೇಲೆ.

ನನಗೆ ಗೊತ್ತಿರುವ ಇನ್ನೊಂದು ಕುಟುಂಬ ಇದನ್ನು ತಿರುವುಮುರುವು ಮಾಡಿತು. ಅಗ್ಗವಾಗಿ ಸಿಕ್ಕಿತೆಂದು ಹೊಸೂರಿನ ಹೊರವಲಯದಲ್ಲಿ ಮನೆ ಕೊಂಡರು. ಹತ್ತಿರದ ಕನ್ನಡ ವಿಭಾಗಕ್ಕೆ ಎರಡು ಬಸ್ಸು ಹಿಡಿಯಬೇಕು. ಎರಡು ತಿಂಗಳು ಓಡಾಡಿ ಸುಸ್ತಾದ ಹುಡುಗನನ್ನು ಮನೆ ಪಕ್ಕದ ತಮಿಳು ಮಾಧ್ಯಮಕ್ಕೆ ಸೇರಿಸಿದರು. ಬೀದಿಯಲ್ಲಿ ತಮಿಳು ಚೆನ್ನಾಗಿಯೇ ಆಡುತ್ತಿದ್ದ. ಆದರೆ ಒಂಬತ್ತನೇ ತರಗತಿಯ ವಿಜ್ಞಾನವನ್ನು ತಮಿಳಿನಲ್ಲಿ ಬರೆಯುವುದು ಬೇರೆ ಮಾತು. ಎರಡೂ ಭಾಷೆಯಲ್ಲಿ ಓದಿದವನಾಗಿ ಹೇಳುತ್ತೇನೆ: ತಮಿಳು ಕಲಿಯುವುದು ಮಗುವಿಗೆ ಲಾಭವೇ. ಮಾಧ್ಯಮವನ್ನೇ ನಡುವೆ ಬದಲಿಸುವುದು ಮಾತ್ರ ಬಲು ಕಷ್ಟ. ಬಾಡಿಗೆ ಮನೆಯಾಗಿದ್ದರೆ ಅವರು ಮರು ತಿಂಗಳೇ ಶಾಲೆಯ ಹತ್ತಿರಕ್ಕೆ ಬರಬಹುದಿತ್ತು. ಕೊಂಡ ಮನೆ ಕಟ್ಟಿಹಾಕಿತು.

ಇನ್ನು ಹಣದ ಲೆಕ್ಕ. ಅಂದು ಕಾಗದದಲ್ಲಿ ಹಾಕಿದ ಲೆಕ್ಕವನ್ನೇ ಈಗಿನ ದರದಲ್ಲಿ ಉದಾಹರಣೆಯಾಗಿ ಕೊಡುತ್ತೇನೆ. ಮನೆಯ ಬೆಲೆ 30 ಲಕ್ಷ ಎನ್ನಿ. ತಮಿಳುನಾಡಿನಲ್ಲಿ ಮುದ್ರಾಂಕ ಶುಲ್ಕ ಶೇ. 7, ನೋಂದಣಿ ಶುಲ್ಕ ಶೇ. 2, ಅಲ್ಲಿಗೆ 2.70 ಲಕ್ಷ ಹೋಯಿತು. ಇದು ಮನೆ ಮಾರಿದರೂ ವಾಪಸ್ ಬರುವುದಿಲ್ಲ. 20 ಲಕ್ಷ ಬ್ಯಾಂಕ್ ಸಾಲ, ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದರೆ ತಿಂಗಳ ಕಂತು ಸುಮಾರು 17,350 ರೂಪಾಯಿ. ಮೂರು ವರ್ಷದಲ್ಲಿ ಸುಮಾರು 6.25 ಲಕ್ಷ ಕಟ್ಟಿರುತ್ತೀರಿ. ಅದರಲ್ಲಿ ಅಸಲಿಗೆ ಸೇರುವುದು ಸುಮಾರು 1.30 ಲಕ್ಷ ಮಾತ್ರ, ಉಳಿದ 4.95 ಲಕ್ಷ ಬಡ್ಡಿ. ಶುಲ್ಕ ಮತ್ತು ಬಡ್ಡಿ ಸೇರಿ 7.65 ಲಕ್ಷ.

ಅಂಥದೇ ಮನೆಗೆ ತಿಂಗಳಿಗೆ 9,000 ಬಾಡಿಗೆ ಇದ್ದರೆ ಮೂರು ವರ್ಷಕ್ಕೆ 3.24 ಲಕ್ಷ. ಅಂದರೆ ಮೂರು ವರ್ಷದಲ್ಲಿ ಮನೆಯ ಬೆಲೆ ನಾಲ್ಕೂವರೆ ಲಕ್ಷದಷ್ಟು ಏರಿದರೆ ಬಾಡಿಗೆಗೆ ಸರಿಸಮ. ಲಾಭದ ಮಾತು ಆಮೇಲಿನದು. ಮಾರುವಾಗಿನ ದಲ್ಲಾಳಿ ದುಡ್ಡು, ಮನೆ ತೆರಿಗೆ, ರಿಪೇರಿ ಇದರಲ್ಲಿ ಸೇರಿಲ್ಲ. ಕೈಯಿಂದ ಹಾಕಬೇಕಾದ 12.70 ಲಕ್ಷಕ್ಕಾಗಿ ಮಾರಿದ ಜಮೀನಿನ ಬೆಳೆಯೂ ಸೇರಿಲ್ಲ. ಕಾಸರಗೋಡು, ಅಕ್ಕಲಕೋಟೆ, ಆದೋನಿಯವರಿಗೆ ಶುಲ್ಕದ ದರ ಬೇರೆ ಇರುತ್ತದೆ; ನಿಮ್ಮ ಊರಿನ ಬೆಲೆ, ಬಾಡಿಗೆ, ಶುಲ್ಕ ಹಾಕಿ ಇದೇ ರೀತಿ ಲೆಕ್ಕ ಮಾಡಿ.

ಹಾಗೆಂದು ಕೊಳ್ಳುವುದೇ ತಪ್ಪಲ್ಲ. ಏಳೆಂಟು ವರ್ಷವಾದರೂ ಅಲ್ಲೇ ಇರುವುದು ಖಚಿತವಿದ್ದರೆ, ಊರ ಜಮೀನು ಮುಟ್ಟದೆ ಹಣ ಹೊಂದುವಂತಿದ್ದರೆ, ನೀವು ಊರಿಗೆ ಮರಳಿದ ಮೇಲೂ ಆ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳಲು ಸಾಧ್ಯವಿದ್ದರೆ ಕೊಳ್ಳಿ. ಆಗಲೂ ಮೊದಲ ಒಂದು ವರ್ಷ ಬಾಡಿಗೆಗಿದ್ದು, ಶಾಲೆ ಮತ್ತು ನೀರಿನ ಸ್ಥಿತಿ ನೋಡಿಕೊಳ್ಳುವುದು ಜಾಣತನ.

ಬಾಡಿಗೆಗೆ ಹೋಗುವವರು ಕರಾರನ್ನು ಬಾಯಿಮಾತಿಗೆ ಬಿಡಬಾರದು. ತಮಿಳುನಾಡಿನ ನಗರ ಪ್ರದೇಶಗಳಲ್ಲಿ 2017ರ ಬಾಡಿಗೆ ಕಾಯ್ದೆಯಂತೆ ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಶಾಲಾ ವರ್ಷದ ನಡುವೆ ಮನೆ ಬಿಡಿಸಬಾರದು ಎಂಬ ಒಂದು ಸಾಲನ್ನು ಮಾಲೀಕರೊಂದಿಗೆ ಮಾತಾಡಿ ಬರೆಸಿಕೊಳ್ಳಿ. ಹತ್ತನೇ ತರಗತಿಯ ಮಗುವಿದ್ದರೆ ಅದು ಅಗತ್ಯ.

ಬಾಡಿಗೆ ಉಳಿಯುತ್ತದೆಂದು ಭೋಗ್ಯಕ್ಕೆ ಮನಸೋಲುವವರು ಬಹಳ. ಕೊಟ್ಟ ಗಂಟು ಕೊನೆಗೆ ವಾಪಸ್ ಬಂದರೆ ಭೋಗ್ಯ ಒಳ್ಳೆಯದೇ. ಆದರೆ ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದರೆ? ತಮಿಳಿನಲ್ಲಿ ವಿಲ್ಲಂಗ ಸರ್ಟಿಫಿಕೇಟ್ ಎನ್ನುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಜಾಲತಾಣದಲ್ಲೇ ನೋಡಬಹುದು. ನೋಡದೆ ಹಣ ಕೊಡಬೇಡಿ. ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸದೆ ಮನೆ ಹೊಗಬೇಡಿ.

ಮುಂಗಡ ಕೊಡುವ ಮುನ್ನ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಮೂರು ಪ್ರಶ್ನೆ ಕೇಳಿ: ಕನ್ನಡ ವಿಭಾಗ ಹತ್ತನೇ ತರಗತಿವರೆಗೂ ಇದೆಯೇ? ಗಣಿತ, ವಿಜ್ಞಾನವನ್ನು ಕನ್ನಡದಲ್ಲೇ ಹೇಳಿಕೊಡುವ ಶಿಕ್ಷಕರಿದ್ದಾರೆಯೇ? ನಮ್ಮ ಮಗುವಿನ ತರಗತಿಯಲ್ಲಿ ಮಕ್ಕಳೆಷ್ಟು? ಮಕ್ಕಳು ತೀರಾ ಕಡಿಮೆಯಾದ ವಿಭಾಗ ಎಷ್ಟು ದಿನ ನಡೆಯುತ್ತದೆ ಎಂಬುದನ್ನೂ ಯೋಚಿಸಬೇಕು.

ಇನ್ನೊಂದು ವಿಷಯ ಹಲವರಿಗೆ ತಡವಾಗಿ ತಿಳಿಯುತ್ತದೆ. ತಮಿಳುನಾಡಿನಲ್ಲಿ 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಪ್ರವೇಶದಲ್ಲಿ 2020ರಿಂದ, ಎಂಜಿನಿಯರಿಂಗ್, ಕೃಷಿ ಮುಂತಾದ ಕೋರ್ಸುಗಳಲ್ಲಿ 2021ರಿಂದ ಶೇ. 7.5 ಮೀಸಲಾತಿ ಇದೆ. ನಡುವೆ ಎರಡು ವರ್ಷ ಖಾಸಗಿ ಶಾಲೆಗೋ ಗಡಿಯಾಚೆಗೋ ಹೋದರೆ ಆ ಬಾಗಿಲು ಮುಚ್ಚುತ್ತದೆ. ಕರ್ನಾಟಕದ ವೃತ್ತಿಪರ ಕೋರ್ಸುಗಳಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಷರತ್ತುಗಳಿವೆ; ಅಲ್ಲೂ ಎಲ್ಲಿ ಓದಿದ್ದು ಎಂಬ ದಾಖಲೆ ಕೇಳುತ್ತಾರೆ. ಪ್ರತಿ ಶಾಲೆ ಬಿಡುವಾಗಲೂ ವರ್ಗಾವಣೆ ಪತ್ರದ ಜೊತೆ ವ್ಯಾಸಂಗ ಪ್ರಮಾಣಪತ್ರ ಪಡೆದು ಜೋಪಾನವಾಗಿಡಿ.

ಆ ವಿದ್ಯಾರ್ಥಿ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ. ಮರುವಾರ ಹೆಂಡತಿಯನ್ನು ಕರೆದುಕೊಂಡು ಹೊಸೂರಿಗೆ ಹೋಗಿ ಮೊದಲು ಸರ್ಕಾರಿ ಶಾಲೆ ನೋಡಿ, ಅಲ್ಲಿಂದ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ. ಮೂರು ವರ್ಷಕ್ಕೆ ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ. ಅಷ್ಟರಲ್ಲಿ ಮಗಳು ಕನ್ನಡದಲ್ಲೇ ಹತ್ತನೇ ತರಗತಿ ಪಾಸಾಗಿದ್ದಳು. ಮುಂಗಡ ಇಸಿದುಕೊಂಡು, ಸಾಮಾನು ಲಾರಿಗೆ ಹಾಕಿ ಊರಿಗೆ ಬಂದರು. ಕೆರೆ ಕೆಳಗಿನ ಜಮೀನು ಇತ್ತು. ಆ ವರ್ಷವೇ ಅರಿಶಿನ ಹಾಕಿದರು.