ಒಂದೇ ಸೂರಿನಡಿಯ ಗಣಕಗಳು ಮಾತು ಬಿಟ್ಟಾಗ

ಮೇಜಿನ ಮೇಲೊಂದು ಲಿನಕ್ಸ್ ಗಣಕ. ಪಕ್ಕದ ಕೋಣೆಯಲ್ಲಿ ವಿಂಡೋಸ್ ಇರುವ ಇನ್ನೊಂದು. ಎರಡೂ ಒಂದೇ ಜಾಲಕ್ಕೆ ಸೇರಿವೆ; ಎರಡರಲ್ಲೂ ಇಂಟರ್ನೆಟ್ ಸರಾಗವಾಗಿ ಬರುತ್ತಿದೆ. ಆದರೂ ಒಂದರಲ್ಲಿರುವ ಕಡತ ಇನ್ನೊಂದಕ್ಕೆ ಕಾಣದು. ಸಮುದ್ರದಾಚೆಯ ಯಂತ್ರದೊಡನೆ ಮಾತನಾಡುವ ಗಣಕ, ಗೋಡೆಯಾಚೆಯ ನೆರೆಯೊಡನೆ ಮುನಿಸಿಕೊಂಡಂತೆ ತೋರುವ ಈ ಪ್ರಸಂಗ ಅನೇಕರಿಗೆ ಪರಿಚಿತವೇ. ಇಂತಹ ಸಂದರ್ಭದಲ್ಲಿ ದೋಷವನ್ನು ಹುಡುಕುವುದು ಹೇಗೆ, ಹುಡುಕುವ ಭರದಲ್ಲಿ ಯಾವುದನ್ನು ಮಾಡಬಾರದು ಎಂಬುದನ್ನು ಈಗ ವಿಚಾರಿಸೋಣ.

ಮೊದಲು ಇವುಗಳ ಭಾಷೆಯ ವಿಷಯ. ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳಲು ವಿಂಡೋಸ್ ಬಳಸುವ ನಿಯಮಾವಳಿಗೆ ಎಸ್.ಎಂ.ಬಿ. ಎಂದು ಹೆಸರು. 1980ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ಹುಟ್ಟಿದ ಇದು ಮೈಕ್ರೋಸಾಫ್ಟ್ ಸಂಸ್ಥೆಯ ಕೈಯಲ್ಲಿ ಬೆಳೆಯಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರೂ ಟ್ರಿಜೆಲ್ ಅವರು 1991-92ರ ವೇಳೆಗೆ, ಜಾಲದಲ್ಲಿ ಹರಿದಾಡುವ ಸಂದೇಶಗಳನ್ನೇ ಗಮನಿಸಿ, ಯೂನಿಕ್ಸ್ ಯಂತ್ರಕ್ಕೂ ಈ ಭಾಷೆಯನ್ನು ಕಲಿಸಿದರು. ಎಸ್, ಎಂ, ಬಿ ಎಂಬ ಅಕ್ಷರಗಳು ಅನುಕ್ರಮವಾಗಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿದಾಗ ದೊರೆತದ್ದು 'ಸಾಂಬಾ' ಎಂಬ ಹೆಸರು. ಲಿನಕ್ಸ್ ಗಣಕವು ವಿಂಡೋಸಿಗೆ ಕಡತಗಳನ್ನು ಒದಗಿಸುವುದು ಸಾಮಾನ್ಯವಾಗಿ ಈ ಸಾಂಬಾದ ಮೂಲಕವೇ.

ದೋಷವನ್ನು ಹುಡುಕುವವರು ಹೊರಗಿನಿಂದ ಒಳಕ್ಕೆ ಒಂದೊಂದೇ ಬಾಗಿಲನ್ನು ದಾಟುತ್ತ ಹೋಗಬೇಕು. ಮೊದಲನೆಯದು ದಾರಿ. ವಿಂಡೋಸ್ ಗಣಕದಿಂದ ಲಿನಕ್ಸಿನ ಐ.ಪಿ. ವಿಳಾಸಕ್ಕೆ 'ಪಿಂಗ್' ಕಳುಹಿಸಿ ನೋಡಿರಿ. ಉತ್ತರ ಬಾರದಿದ್ದರೆ ಮೊದಲು ಜಾಲವನ್ನೇ ಪರೀಕ್ಷಿಸಬೇಕು. ಎರಡರಲ್ಲೊಂದು ಅತಿಥಿಗಳಿಗೆಂದು ಮೀಸಲಾದ ವೈಫೈಗೆ ಸೇರಿದ್ದರೂ ಹೀಗಾಗುವುದುಂಟು.

ಎರಡನೆಯದು ಹೆಸರು. ನೆರೆಯ ಯಂತ್ರಗಳ ಪಟ್ಟಿಯಲ್ಲಿ ಲಿನಕ್ಸ್ ಗಣಕ ಕಾಣಿಸದಿದ್ದರೆ ಅದು ಇಲ್ಲವೆಂದು ಅರ್ಥವಲ್ಲ. ಹಿಂದೆ ಆ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಹಳೆಯ ಏರ್ಪಾಟನ್ನು ಇಂದಿನ ವಿಂಡೋಸ್ ಕೈಬಿಟ್ಟಿದೆ. ಹೊಸ ಕ್ರಮದಲ್ಲಿ ತನ್ನ ಇರವನ್ನು ಸಾರಲು ಲಿನಕ್ಸಿಗೆ 'ಡಬ್ಲ್ಯು.ಎಸ್.ಡಿ.ಡಿ.'ಯಂತಹ ಸಹಾಯಕ ಕಾರ್ಯಕ್ರಮ ಬೇಕು. ಅದಿಲ್ಲದಿದ್ದರೆ, ವಿಳಾಸದ ಜಾಗದಲ್ಲಿ ಎರಡು ಹಿಂದೋರೆ ಗೆರೆಗಳನ್ನಿಟ್ಟು ಐ.ಪಿ. ಸಂಖ್ಯೆಯನ್ನೇ ಬರೆದರಾಯಿತು.

ಮೂರನೆಯದು ಕಾವಲು. ಸಾಂಬಾ ಕಿವಿಗೊಟ್ಟು ಕೂರುವುದು 445ನೆಯ ಪೋರ್ಟಿನಲ್ಲಿ. ಫೈರ್‌ವಾಲ್ ಅದನ್ನು ಮುಚ್ಚಿದ್ದರೆ ಮಾತು ಮುಂದುವರಿಯದು. ಸ್ಥಳೀಯ ಜಾಲಕ್ಕೆ ಮಾತ್ರ ಆ ಒಂದು ದ್ವಾರವನ್ನು ತೆರೆದರೆ ಸಾಕು. ಕಾವಲನ್ನೇ ತೆಗೆದುಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಸಾಂಬಾದ ಸಂರಚನೆಯಲ್ಲಿ ಬರವಣಿಗೆಯ ದೋಷವೇನಾದರೂ ಇದ್ದರೆ 'ಟೆಸ್ಟ್‌ಪಾರ್ಮ್' ಎಂಬ ಆದೇಶ ಅದನ್ನು ತೋರಿಸಿಕೊಡುತ್ತದೆ.

ನಾಲ್ಕನೆಯದು ಗುರುತು. ಹೆಚ್ಚಿನವರು ಎಡವುವುದು ಇಲ್ಲಿಯೇ. ಲಿನಕ್ಸಿಗೆ ಪ್ರವೇಶಿಸುವ ಪಾಸ್‌ವರ್ಡ್ ಸರಿಯಾಗಿದ್ದರೂ ಸಾಂಬಾ ಒಪ್ಪದು. ಕಾರಣವಿಷ್ಟೆ: ವಿಂಡೋಸ್ ಗಣಕವು ಪಾಸ್‌ವರ್ಡನ್ನು ಇದ್ದಂತೆಯೇ ಕಳುಹಿಸುವುದಿಲ್ಲ; ಸಾಂಬಾ ಒಡ್ಡುವ ಸವಾಲಿಗೆ, ಪಾಸ್‌ವರ್ಡಿನಿಂದ ತನ್ನದೇ ರೀತಿಯಲ್ಲಿ ಲೆಕ್ಕ ಹಾಕಿದ ಉತ್ತರವನ್ನು ಕಳುಹಿಸುತ್ತದೆ. ಲಿನಕ್ಸ್ ತನ್ನ ಪಾಸ್‌ವರ್ಡನ್ನು ಬೇರೊಂದು ರೀತಿಯ ಗೂಢರೂಪದಲ್ಲಿ ಇಟ್ಟಿರುವುದರಿಂದ ಇವೆರಡನ್ನೂ ಹೋಲಿಸಲಾಗದು. ಆದ್ದರಿಂದ ಸಾಂಬಾ ಪ್ರತ್ಯೇಕವಾದ ದಾಖಲೆಯೊಂದನ್ನು ಇಟ್ಟುಕೊಳ್ಳುತ್ತದೆ. 'ಎಸ್‌ಎಂಬಿಪಾಸ್‌ಡಬ್ಲ್ಯುಡಿ' (smbpasswd) ಎಂಬ ಆದೇಶದಿಂದ ಬಳಕೆದಾರನನ್ನು ಅದರಲ್ಲಿ ಸೇರಿಸಿದ ಹೊರತು ಪ್ರವೇಶವಿಲ್ಲ.

ಐದನೆಯದು ಅನುಮತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಸಾಂಬಾ ಒಪ್ಪಿದರೂ ಕಡತವ್ಯವಸ್ಥೆ ಒಪ್ಪಬೇಕು. ಹಂಚಿದ ಕೋಶಕ್ಕೆ ಅನುಮತಿ ಇದ್ದರೆ ಸಾಲದು. ಅಲ್ಲಿಗೆ ಹೋಗುವ ಹಾದಿಯ ಪ್ರತಿಯೊಂದು ಕೋಶವನ್ನೂ ದಾಟುವ ಹಕ್ಕು ಇರಬೇಕು. ಉಬುಂಟು 2021ರ ಏಪ್ರಿಲ್ ಆವೃತ್ತಿಯಿಂದ, ಹೊಸ ಬಳಕೆದಾರರ ಮನೆಕೋಶಕ್ಕೆ ಅನ್ಯರು ಕಾಲಿಡದಂತೆ ಮಾಡಿದೆ. ಆದುದರಿಂದ ಎಲ್ಲರಿಗೂ ಹಂಚಬೇಕಾದುದನ್ನು ಮನೆಕೋಶದ ಹೊರಗೆ ಬೇರೊಂದು ಕೋಶದಲ್ಲಿಡುವುದು ಲೇಸು. ಫೆಡೋರಾದಲ್ಲಿ ಇದರ ಮೇಲೆ ಎಸ್‌ಇ-ಲಿನಕ್ಸ್ ಎಂಬ ಇನ್ನೊಬ್ಬ ತಪಾಸಣೆಗಾರನೂ ಇದ್ದಾನೆ. ಹಂಚುವ ಕೋಶಕ್ಕೆ ಸಾಂಬಾದ ಗುರುತುಪಟ್ಟಿ ಅಂಟಿಸದಿದ್ದರೆ ಅವನು ತಡೆಯುತ್ತಾನೆ.

ಇಷ್ಟು ತಾಳ್ಮೆಯಿಲ್ಲದವರು ಅನುಸರಿಸುವ ಅಡ್ಡದಾರಿಗಳು ಮೂರು: ಎಲ್ಲರಿಗೂ ಎಲ್ಲ ಹಕ್ಕುಗಳನ್ನು ಕೊಡುವ 777 ಅನುಮತಿ, ಫೈರ್‌ವಾಲಿನ ವಿಸರ್ಜನೆ, ಮತ್ತು ಎಸ್.ಎಂ.ಬಿ.ಯ ಹಳೆಯ ಮೊದಲ ಆವೃತ್ತಿಯ ಪುನರುಜ್ಜೀವನ. ಮೂರನೆಯದರ ಬೆಲೆ ಎಷ್ಟೆಂಬುದನ್ನು ಜಗತ್ತು 2017ರ ಮೇ 12ರಂದು ಕಂಡಿತು. 'ವಾನಾಕ್ರೈ' ಎಂಬ ದುಷ್ಟ ಕಾರ್ಯಕ್ರಮವು ವಿಂಡೋಸಿನ ಆ ಆವೃತ್ತಿಯಲ್ಲಿದ್ದ ದೋಷವನ್ನು ಹಿಡಿದು ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಾಗಿ ಬಂದವರು ಹಿಂದಿರುಗಬೇಕಾಯಿತು. ದೋಷಕ್ಕೆ ಪರಿಹಾರ ಮಾರ್ಚ್ ತಿಂಗಳಿನಲ್ಲಿಯೇ ಹೊರಬಂದಿದ್ದರೂ ಅದನ್ನು ಅಳವಡಿಸದ ಯಂತ್ರಗಳು ಅಸಂಖ್ಯಾತವಾಗಿದ್ದವು. 2019ರಲ್ಲಿ ಬಂದ ಸಾಂಬಾ 4.11ರಿಂದ ಈ ಹಳೆಯ ಆವೃತ್ತಿ ತಾನಾಗಿ ಚಾಲನೆಗೊಳ್ಳುವುದಿಲ್ಲ. ಹಳೆಯ ಸ್ಕ್ಯಾನರ್ ಅಥವಾ ಸಂಗ್ರಹಪೆಟ್ಟಿಗೆಯೊಂದು ಅದನ್ನೇ ಬೇಡಿದರೆ, ಆ ಉಪಕರಣವನ್ನು ಬದಲಿಸುವುದು ಅಥವಾ ಕಡತಗಳನ್ನು ಬೇರೆ ಮಾರ್ಗದಿಂದ ಸಾಗಿಸುವುದು ಕ್ಷೇಮ.

ಯಾವ ಬಾಗಿಲಿನಲ್ಲಿ ತಡೆ ಇದೆಯೆಂದು ತಿಳಿದರೆ ಅದೊಂದನ್ನೇ ಸರಿಪಡಿಸಬಹುದು. ಉಳಿದವು ಮುಚ್ಚಿಯೇ ಇರಲಿ. ಮನೆಯ ಲೆಕ್ಕಪತ್ರ, ಮಕ್ಕಳ ಭಾವಚಿತ್ರ, ಕಚೇರಿಯ ದಾಖಲೆಗಳೆಲ್ಲ ಆ ಬಾಗಿಲುಗಳ ಹಿಂದೆಯೇ ಇವೆ.